ಇಪ್ಪತ್ತೈದನೆಯ ವಕ್ತೃ

ಇವತ್ತು ಮಾಡಿದ ಕೆಲಸ: ಬಾಗಿಲಿಗೆ ನೀರು ಹಾಕಿದ್ದು, ಸಂಪ್‌ಗೆ ನಗರಸಭೆ ನೀರು ಬಿಟ್ಟುಕೊಂಡದ್ದು, ಯಜಮಾನರ ಎರಡು ಅಂಗಿಗೆ ಗುಂಡಿ ಹೊಲಿದದ್ದು, ಹಳೇ ಪೇಪರ್ ಕಟ್ಟಿಟ್ಟದ್ದು, ಕರಿಬೇವಿನ ಗಿಡದ ಬುಡ ಕೆದಕಿದ್ದು, ಗ್ಯಾಸ್‌ಗೆ ಫೋನ್ ಮಾಡಿದ್ದು. ಹತ್ತು ಗಂಟೆಗೆ ಪವಿತ್ರ ಬಂದಳು. ತೊಂಡೇಬಾವಿಯ ಹುಡುಗಿ, ನಾನು ಕೊನೆಯದಾಗಿ ಮಾರ್ಗದರ್ಶನ ಮಾಡಿದ ಪಿಎಚ್.ಡಿ. ವಿದ್ಯಾರ್ಥಿನಿ. ಗೌರಿಬಿದನೂರಿನಲ್ಲಿ ಬಸ್ಸು ಬದಲಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ, ನಮ್ಮ ಮನೆಗೆ ಬಂದಿದ್ದಳು. ಚೀಲದಿಂದ ಒಂದು ಹಾಳೆ ತೆಗೆದು ಊಟದ ಮೇಜಿನ ಮೇಲಿಟ್ಟು, "ಓದಿ ಮೇಡಂ. ಸರಿ ಅನ್ನಿಸಿದ್ರೆ ಸಹಿ ಹಾಕಿ, ಇಲ್ಲಾಂದ್ರೆ ಬೇಡ," ಎಂದಳು.

ನಾನು ಸಹಿ ಹಾಕದಿದ್ದರೆ ಅವಳ ಮಹಾಪ್ರಬಂಧದ ಮುಖ್ಯ ಅಧ್ಯಾಯ ಬಿದ್ದುಹೋಗುತ್ತದೆ, ಕದ್ದು ಬರೆದವಳು ಎಂಬ ಮಾತು ಅವಳ ಮೇಲೆ ಉಳಿಯುತ್ತದೆ. ಹಾಕಿದರೆ ನಾನು ಇಪ್ಪತ್ತಾರು ವರ್ಷ ಪಾಠ ಹೇಳಿ ಮಾಡಿಕೊಂಡ ಹೆಸರು ಹೋಗುತ್ತದೆ.

ಸಂಶೋಧನೆಗೆ ಸೇರುವವರೂ ನಾಳೆ ಮಾರ್ಗದರ್ಶಕರಾಗುವವರೂ ಓದಲಿ ಎಂದು ಇದನ್ನು ಮೊದಲಿನಿಂದ ಬರೆಯುತ್ತೇನೆ. ನಡುವೆ ಒಂದು ಕಡೆ ನಿಮಗೆ ನಂಬಿಕೆ ಬಾರದಿರಬಹುದು. ನನಗೂ ಪೂರ್ತಿ ಬಂದಿಲ್ಲ.

ನಾನು ಕಲಿಸುತ್ತಿದ್ದದ್ದು ಜಾನಪದ. ಈ ಕೆಲಸದಲ್ಲಿ ಹೆಚ್ಚು ಹೊತ್ತು ಹೋಗುವುದು ಪಾಠಕ್ಕಲ್ಲ, ವಿಷಯ ಆರಿಸಿಕೊಡುವುದಕ್ಕೆ. ಒಮ್ಮೆ ಗೌರಿಬಿದನೂರಿನ ಹುಡುಗನೊಬ್ಬ 'ಕರ್ನಾಟಕದ ಜನಪದ ಸಂಸ್ಕೃತಿ: ಒಂದು ಅಧ್ಯಯನ' ಎಂದು ಬರೆದುಕೊಂಡು ಬಂದ.

"ಎಷ್ಟು ವರ್ಷ ಬದುಕೋಣ ಅಂತಿದೀಯಪ್ಪ?" ಎಂದೆ.

"ಮೂರೇ ವರ್ಷಕ್ಕೆ ಮುಗಿಸ್ತೀನಿ ಮೇಡಂ."

"ಎಲ್ಲಿಂದ ಶುರು ಮಾಡ್ತೀಯ?"

"ನಮ್ಮ ತಾಲ್ಲೂಕು ಬಿಟ್ಟು ಎಲ್ಲಿಂದಾದ್ರೂ ಸರಿ. ಇಲ್ಲೀದೆಲ್ಲ ನಂಗೆ ಗೊತ್ತು."

"ಸಂತೆಯಲ್ಲಿ ನಿಮ್ಮಮ್ಮ ತರಕಾರಿ ಮಾರೋವಾಗ ಬೆಳಿಗ್ಗೆ ಹೆಂಗೆ ಕೂಗ್ತಾರೆ, ಸಂಜೆ ಹೆಂಗೆ ಕೂಗ್ತಾರೆ?"

ಅವನು ಹಾಳೆ ಮಡಚಿಕೊಂಡು ಹೋದ. ಒಂದು ತಿಂಗಳು ಬಿಟ್ಟು ಬಂದು, "ಮಧ್ಯಾಹ್ನ ಕೂಗೋದೇ ಇಲ್ಲ ಮೇಡಂ, ಬರೀ ಕೈ ಆಡಿಸ್ತಾರೆ," ಎಂದ. ಗೌರಿಬಿದನೂರು ಸಂತೆಯ ಕೂಗುಗಳ ಮೇಲೇ ಪ್ರಬಂಧ ಬರೆದ. ಅದು ಈಗಲೂ ನನಗೆ ಇಷ್ಟವಾದ ಪ್ರಬಂಧ.

ಹಾಗಾಗಿ ವಿಷಯ ಗೊತ್ತುಮಾಡುವ ಮುಂಚೆ ಒಂದು ಇಡೀ ದಿನ ಪುಸ್ತಕ, ಪೆನ್ನು ಇಲ್ಲದೆ ಆ ಜಾಗದಲ್ಲಿ ಹೋಗಿ ಕೂತು ಬರಬೇಕು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಆ ಊರಿನ ಕೆಲಸದ ಕಾಲ ನೋಡಿಕೊಂಡು ನಿಮ್ಮ ಓಡಾಟದ ಪಟ್ಟಿ ಹಾಕಿ, ನಿಮ್ಮ ಪರೀಕ್ಷೆಯ ಕಾಲ ನೋಡಿಕೊಂಡಲ್ಲ ಎಂದೂ ಹೇಳುತ್ತಿದ್ದೆ. ಈ ಎರಡನೆಯ ಮಾತನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ಮೂವತ್ತೊಂದು ವರ್ಷದ ಹಿಂದೆ ಎಂ.ಫಿಲ್. ಮಾಡುವಾಗ ನಾನು ಆರಿಸಿಕೊಂಡದ್ದು ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ಸಾಕುವ ಹೆಂಗಸರ ಹಾಡು. ನನ್ನ ಮಾರ್ಗದರ್ಶಕರು ನಂಜುಂಡಯ್ಯನವರು. ಒಳ್ಳೆಯವರೇ, ಆದರೆ ಎಣಿಕೆಯ ಮನುಷ್ಯ. ಹಾಡು ಹೇಳಿಕೊಟ್ಟವರನ್ನು ನಮ್ಮ ಕಸುಬಿನಲ್ಲಿ ವಕ್ತೃ ಎನ್ನುತ್ತೇವೆ. ಪ್ರಬಂಧ ಕೈಗೆ ಕೊಟ್ಟರೆ ಅವರು ಮೊದಲು ಕೊನೆಯ ಪುಟ ತೆಗೆದು ವಕ್ತೃಗಳ ಪಟ್ಟಿ ಎಣಿಸುತ್ತಿದ್ದರು. ಇಪ್ಪತ್ತೈದು ಇರಲೇಬೇಕು.

"ಇಪ್ಪತ್ನಾಲ್ಕು ಇದ್ರೆ ಏನಾಗುತ್ತೆ ಸಾರ್?" ಎಂದು ಕೇಳಿದ್ದೆ.

"ಏನೂ ಆಗಲ್ಲಮ್ಮ. ನಾನು ಓದಲ್ಲ, ಅಷ್ಟೇ."

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಹಾಗೆ ಬಿಡುವ ಮುಂಚೆ ತಿನ್ನದೆ ಅಲ್ಲಾಡದೆ ಕೂರುವುದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಗೂಡು ಕಟ್ಟುವವರೆಗೆ ಹೊರಗಿನವರನ್ನು ಮನೆಯೊಳಕ್ಕೆ ಬಿಡುವುದಿಲ್ಲ. ನಾನು ಪರೀಕ್ಷೆ ಮುಗಿಯುತ್ತಲೇ ಹೊರಟು, ಸರಿಯಾಗಿ ಆ ದಿನಗಳಲ್ಲೇ ಹೋಗಿ ನಿಂತಿದ್ದೆ. ಹಾಗೂ ಹೀಗೂ ಇಪ್ಪತ್ನಾಲ್ಕು ಜನ ಸಿಕ್ಕರು. ಇಪ್ಪತ್ತೈದನೆಯವರು ಸಿಗಲಿಲ್ಲ.

ಒಂದು ಮಧ್ಯಾಹ್ನ ಹಾಸ್ಟೆಲಿನ ಕೋಣೆಯಲ್ಲಿ ಕೂತು ನಾನು ಅವರನ್ನು ಬರೆದೆ. ನಾರಾಯಣಮ್ಮ, ಅರವತ್ತೆರಡು ವರ್ಷ. ಊರಿಗೆ, ಬಸ್ಸಿನಿಂದ ಬೋರ್ಡು ಮಾತ್ರ ನೋಡಿದ್ದ ಒಂದು ಹೆಸರು ಹಾಕಿದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಮನೆಯ ಜಗಲಿಗೆ ಒಂದೇ ಕಂಬ ಎಂದು ಬರೆದೆ, ನೋಡಿ ಬಂದ ಹಾಗೆ ಕಾಣಲಿ ಎಂದು. ಅವರ ಬಾಯಲ್ಲಿ ಒಂದು ಹಾಡನ್ನೂ ಇಟ್ಟೆ.

ನಾಕು ಜರ ಎದ್ದೋಳೆ, ನಿಂಗ್ಯಾವ ಸೊಪ್ಪು ತರಲವ್ವ
ಮನೆ ಕಟ್ಟಿ ಒಳಗೆ ಕೂತೋಳೆ, ನಿಂಗ್ಯಾರು ಬಾಗ್ಲು ತೆಗೆಯೋರು

ನಂಜುಂಡಯ್ಯನವರು ಎಣಿಸಿದರು, ಓದಿದರು. "ಇಪ್ಪತ್ತೈದು ಹಾಡಲ್ಲಿ ಇದೊಂದೇ ಕಣಮ್ಮ ನಿಜವಾದ ಹಾಡು," ಎಂದರು. ನಾನು ಪ್ರಬಂಧ ಎತ್ತಿಕೊಂಡು ಹೊರಗೆ ಬಂದೆ.

ಕೆಲಸಕ್ಕೆ ಸೇರಿ ಆರನೆಯ ವರ್ಷ, ಒಬ್ಬ ವಿದ್ಯಾರ್ಥಿಯ ಪಟ್ಟಿಯಲ್ಲಿ ನಾರಾಯಣಮ್ಮನ ಹೆಸರು ನೋಡಿದೆ. ವಯಸ್ಸು ಅರವತ್ತೆರಡು. ನನ್ನ ಪ್ರಬಂಧದಿಂದ ಎತ್ತಿಕೊಂಡಿದ್ದಾನೆ ಅಂದುಕೊಂಡೆ. ಕರೆದು ಬೈಯುವ ಬಾಯಿ ನನಗಿರಲಿಲ್ಲ. ಐದಾರು ವರ್ಷ ಕಳೆದು ಇನ್ನೊಬ್ಬಳ ಪಟ್ಟಿಯಲ್ಲಿ ಮತ್ತೆ ಬಂದರು. ಆಗಲೂ ಅರವತ್ತೆರಡು. ಆ ಹುಡುಗಿ, "ಮೇಡಂ, ನಾರಾಯಣಮ್ಮ ನಿಮ್ಮನ್ನ ಕೇಳಿದ್ರು," ಎಂದಳು. ಮಾರ್ಗದರ್ಶಕರನ್ನು ಒಲಿಸಿಕೊಳ್ಳಲು ಹುಡುಗರು ಇಂಥದ್ದನ್ನೆಲ್ಲ ಹೇಳುತ್ತಾರೆ. ಹಾಗೇ ಇರಬೇಕು ಎಂದು ಬಿಟ್ಟೆ. ಅಲ್ಲಿಂದಾಚೆಗೆ ಪಟ್ಟಿಯ ಆ ಪುಟವನ್ನು ಓದದೆ ತಿರುಗಿಸುವುದು ರೂಢಿಯಾಯಿತು.

ಪವಿತ್ರ ಬಂದದ್ದು ನನ್ನ ಕೊನೆಯ ವರ್ಷಗಳಲ್ಲಿ. ಅವಳಮ್ಮ ಕೂಲಿಗೆ ಹೋಗಿ ಹುಳು ಸಾಕಿದವರು, ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ವಿಷಯ ಕೇಳಿದಾಗ ಹುಳು ಮನೆಯ ಹಾಡು ಎಂದಳು.

"ಬೇಡ, ಅದು ಆಗಿಹೋಗಿದೆ," ಎಂದೆ.

"ನೀವು ಕೇಳಿದ್ದು ಹೊರಗೆ ನಿಂತ್ಕೊಂಡು ಮೇಡಂ. ನಾನು ಒಳಗೆ ಬೆಳೆದಿದೀನಿ," ಎಂದಳು. ಆ ವಿಷಯಕ್ಕೇ ಸಹಿ ಹಾಕಿಕೊಟ್ಟೆ.

ಅವಳ ಹಾಗೆ ಯೋಜನೆ ಹಾಕಿದವರನ್ನು ನಾನು ನೋಡಿಲ್ಲ. ನಮ್ಮ ಕಾಲದಲ್ಲಿ ರಟ್ಟಿನ ಕಾರ್ಡು, ಕ್ಯಾಸೆಟ್ಟು. ಅವಳದೆಲ್ಲ ಮೊಬೈಲಿನಲ್ಲಿ. ಯಾವ ಮನೆಯಲ್ಲಿ ಯಾವತ್ತು ಮೊಟ್ಟೆ ಒಡೆಯಿತು, ಯಾವತ್ತು ಎಷ್ಟನೇ ಜ್ವರ, ಅದರಂತೆ ಯಾವ ದಿನ ಯಾವ ಮನೆಗೆ ಎಂದು ಗುರುತು ಹಾಕಿಕೊಂಡಿದ್ದಳು. ಎರಡು ವರ್ಷ ಓಡಾಡಿ ಬರೆದು ತಂದಳು.

ಈಗ ಯಾವ ಪ್ರಬಂಧವಾದರೂ ಮೊದಲು ಹೋಲಿಕೆ ತಪಾಸಣೆಗೆ ಕಂಪ್ಯೂಟರಿಗೆ ಹೋಗುತ್ತದೆ. ಹಳೆಯ ಪ್ರಬಂಧಗಳನ್ನೆಲ್ಲ ಅದೇ ವರ್ಷ ಸ್ಕ್ಯಾನ್ ಮಾಡಿ ಅದರೊಳಗೆ ಹಾಕಿದ್ದರು. ನನ್ನ ಎಂ.ಫಿಲ್. ಪ್ರಬಂಧಕ್ಕೆ ಹೋಲುತ್ತದೆಂದು ಪವಿತ್ರಳ ಒಂದು ಅಧ್ಯಾಯ ಕೆಂಪಾಗಿ ಹೊರಗೆ ಬಂತು. ನಮ್ಮ ವಿಭಾಗದ ಮುಖ್ಯಸ್ಥರು ವೆಂಕಟರೆಡ್ಡಿಯವರು ನಮ್ಮಿಬ್ಬರನ್ನೂ ಕರೆಸಿದರು.

"ಹಾಡೂ ನಿಮ್ಮ ಮೇಡಂ ಪ್ರಬಂಧದ್ದೇ, ಹಾಡಿದೋರೂ ಅದೇ ನಾರಾಯಣಮ್ಮ, ವಯಸ್ಸೂ ಅದೇನಾ? ಮೂವತ್ತು ವರ್ಷದಿಂದ ಆಯಮ್ಮನಿಗೆ ಅರವತ್ತೆರಡೇನಮ್ಮ? ಕದ್ದರೂ ಒಂದು ಲೆಕ್ಕ ಬೇಡ್ವಾ?" ಎಂದರು.

ಪವಿತ್ರ ಮೊಬೈಲು ತೆಗೆದು ಮೇಜಿನ ಮೇಲಿಟ್ಟಳು. "ನಾನು ಕದ್ದಿಲ್ಲ ಸಾರ್. ಅವರ ಮನೆಗೆ ಒಂಬತ್ತು ಸಲ ಹೋಗಿದೀನಿ, ವಯಸ್ಸು ಅವರು ಹೇಳಿದ್ದನ್ನೇ ಬರ್ಕೊಂಡೆ. ಕೇಳಿ."

ಕರೆಂಟು ಹೋಗಿ ಫ್ಯಾನು ನಿಂತಿತ್ತು. ಮೊದಲು ಹುಳು ಸೊಪ್ಪು ತಿನ್ನುವ ಸದ್ದು ಬಂತು. ಹೊರಗೆ ಬಿಸಿಲು ಸುಡುತ್ತಿರುವಾಗ ಒಳಗೆ ಮಾತ್ರ ಜಿನುಗು ಮಳೆ ಹಿಡಿದ ಹಾಗಿರುತ್ತದೆ ಅದು. ಆಮೇಲೆ ಒಂದು ಹೆಂಗಸಿನ ದನಿ. ನಾಕು ಜರ ಎದ್ದೋಳೆ. ನಾನು ಹಾಸ್ಟೆಲಿನಲ್ಲಿ ಬರೆಯುವಾಗ ಆ ಪದಗಳಿಗೆ ಧಾಟಿಯೇ ಇರಲಿಲ್ಲ. ಇಲ್ಲಿ ಧಾಟಿಯಿತ್ತು. ನನಗೆ ಅದು ಮೊದಲೇ ಗೊತ್ತಿದ್ದ ಧಾಟಿಯ ಹಾಗೆ ಕೇಳಿಸಿತು.

"ಇವಳು ತನ್ನಮ್ಮನ ಕೈಲಿ ಹಾಡಿಸ್ಕೊಂಡು ಬಂದಿರಬಹುದು," ಎಂದರು ವೆಂಕಟರೆಡ್ಡಿ. "ಸರೋಜಮ್ಮ, ನೀವೇ ಹೋಗಿ ನೋಡ್ಕೊಂಡು ಬನ್ನಿ. ನೀವು ಇದ್ದಾರೆ ಅಂದ್ರೆ ಇದ್ದಾರೆ."

ಹೀಗೆ ಆ ಊರಿಗೆ ಹೋದೆ. ಹನ್ನೆರಡು ಗಂಟೆಗೆ ಬಸ್ಸು ನಮ್ಮಿಬ್ಬರನ್ನು ಇಳಿಸಿತು. ಬೀದಿಯಲ್ಲಿ ಒಬ್ಬರೂ ಇರಲಿಲ್ಲ, ನಾಯಿ ಕೂಡ ಇರಲಿಲ್ಲ. ಪವಿತ್ರ ಮುಂದೆ ನಡೆದಳು. ಅವಳು ಕೈ ತೋರಿಸುವ ಮುಂಚೆಯೇ ನಾನು ಎಡಗಡೆ ತಿರುಗಿದ್ದೆ. ಮನೆಯ ಜಗಲಿಗೆ ಒಂದೇ ಕಂಬ. ಇನ್ನೊಂದು ಇರಬೇಕಾದ ಕಡೆ ನೆಲದಲ್ಲಿ ದುಂಡನೆಯ ಗುರುತಿತ್ತು.

ಒಳಗಿನಿಂದ ಬಂದ ಹೆಂಗಸಿಗೆ ನಲವತ್ತು ಇರಬಹುದು. "ರಾ ಅಮ್ಮಾ, ಕೂತ್ಕೋ," ಎಂದು ತೆಲುಗು ಬೆರೆಸಿ ಪವಿತ್ರಳಿಗೆ ಹೇಳಿ, ನನ್ನನ್ನು ನೋಡುತ್ತ ನಿಂತಳು.

"ನಾರಾಯಣಮ್ಮ ಇದಾರಾ?" ಎಂದೆ.

"ನಾನೇ."

"ವಯಸ್ಸೆಷ್ಟಮ್ಮ?"

"ಅರವತ್ತೆರಡು," ಎಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಪವಿತ್ರ, "ಅಕ್ಕಾ, ಇವರು ನಮ್ಮ ಮೇಡಂ. ಇವರತ್ರ ನಿಜ ಹೇಳಿ, ಇಲ್ಲಾಂದ್ರೆ ನನ್ನ ಓದು ನಿಂತೋಗುತ್ತೆ," ಎಂದಳು. ಆಕೆ ಪಕ್ಕದಲ್ಲಿ ಕೂತು ಹೇಳಿದಳು.

"ನನ್ನ ಹೆಸರು ಮಂಜುಳ. ನಮ್ಮತ್ತೆ ಹೆಸರು ಮುನಿಯಮ್ಮ. ನಿಮ್ಮ ಕಾಲೇಜಿನೋರು ಪುಸ್ತಕ ಹಿಡ್ಕೊಂಡು ಬರೋರು. ನಾರಾಯಣಮ್ಮ ಎಲ್ಲಿ, ಅರವತ್ತೆರಡು ವರ್ಷದೋರು, ಒಂದು ಕಂಬದ ಮನೆ, ಅಂತ. ಬಿಸಿಲಲ್ಲಿ ಬಂದೋರಿಗೆ ಇಲ್ಲ ಅಂತ ಹೆಂಗೆ ಕಳಿಸೋದು? ಅತ್ತೆ ನಾನೇ ಅಂದ್ರು. ಹಾಡು ಪುಸ್ತಕದಲ್ಲೇ ಇತ್ತು, ಅವರೇ ಓದಿ ಹೇಳೋರು, ಸರಿನಾ ಅಂತ ಕೇಳೋರು. ಅತ್ತೆ ಕಲಿತ್ಕೊಂಡ್ರು. ಆಮೇಲೆ ಸೊಪ್ಪು ಹಾಕೋವಾಗೆಲ್ಲ ಅದೇ ಬಾಯಿಗೆ ಬರೋದು. ಈಗ ಊರಲ್ಲೆಲ್ಲ ಹಾಡ್ತಾರೆ. ಅತ್ತೆ ಹೋದ್ಮೇಲೆ ನಾನು ನಾರಾಯಣಮ್ಮ."

"ಕಂಬ?"

"ಎರಡಿತ್ತು. ಬಂದೋರು ಮನೆ ಸಿಗದೆ ತಿರುಗೋರು ಅಂತ ಅತ್ತೆ ಒಂದನ್ನ ಕೀಳಿಸಿದ್ರು."

ಅಂದರೆ ತಪ್ಪು ಮಾಡಿದ್ದು ನಮ್ಮ ಹುಡುಗರು. ತಾವೇ ಊರು ಹುಡುಕದೆ, ಹಿಂದಿನವರ ಪಟ್ಟಿ ಹಿಡಿದುಕೊಂಡು ಹೋಗಿ, ಅದರಲ್ಲಿದ್ದವರನ್ನೇ ಕೇಳಿದ್ದರು. ಊರಿನವರು ಮರ್ಯಾದೆಗೆ ಇದ್ದಾರೆ ಎಂದಿದ್ದರು. ಎಲ್ಲಕ್ಕೂ ಒಂದು ಕಾರಣ ಸಿಕ್ಕಿತಲ್ಲ ಎಂದು ನನಗೆ ಉಸಿರು ಬಂದಿತ್ತು. ಮಂಜುಳ ನೀರು ತಂದುಕೊಟ್ಟು, ಒಳಗೆ ಹೋಗಿ ಹುಳುವಿಗೆ ಸೊಪ್ಪು ಹಾಕುತ್ತ ಹಾಡು ಹೇಳಿದಳು. ಎರಡು ಸಾಲು ಮುಗಿದ ಮೇಲೆ ನಿಲ್ಲಿಸಲಿಲ್ಲ.

ಬಾಗ್ಲು ತೆಗೆದೋಳು ನಾನೇನೆ, ಒಳಗೂ ನಾನೇ ಕೂತೀನಿ

ಅದು ನಾನು ಬರೆದ ಮೂರನೆಯ ಸಾಲು. ಹಾಸ್ಟೆಲಿನಲ್ಲಿ ಬರೆದು, ಹುಳು ಸಾಕುವವರು ಹೀಗೆ ಹೇಳಲಾರರು ಎನ್ನಿಸಿ, ಆ ಹಾಳೆಯನ್ನೇ ಹರಿದು ಬಿಸಿನೀರಿನ ಒಲೆಗೆ ಹಾಕಿದ್ದೆ. ಪ್ರಬಂಧದಲ್ಲಿ ಅದು ಇಲ್ಲ. ಯಾರಿಗೂ ತೋರಿಸಿಲ್ಲ.

"ಈ ಸಾಲು ಯಾವ ಪುಸ್ತಕದಲ್ಲಿತ್ತು?" ಎಂದು ಕೇಳಿದೆ.

"ಪುಸ್ತಕದೋರೆಲ್ಲ ಬರೋಕೆ ಮುಂಚೆ ಒಬ್ಬಳು ಹುಡುಗಿ ಬಂದಿದ್ಲಂತೆ. ನಮ್ಮೆಜಮಾನ್ರು ಆಗ ಶಾಲೆಗೆ ಹೋಗೋರು. ಇದೇ ಹೊತ್ತಲ್ಲಿ ಬಸ್ ಇಳಿದು ಬಂದ್ಲಂತೆ, ಕೈಯಲ್ಲಿ ಏನೂ ಇರಲಿಲ್ವಂತೆ. ನಾರಾಯಣಮ್ಮ ಇದಾರಾ ಅಂದ್ಲು. ಅತ್ತೆ ಇಲ್ಲಮ್ಮ ಅಂದ್ರು. ಜಗಲಿ ಮೇಲೆ ಕೂತು ತಾನೇ ಇದನ್ನ ಹಾಡಿ, ಯಾರಾದ್ರೂ ಕೇಳ್ಕೊಂಡು ಬಂದ್ರೆ ಇದಾರೆ ಅನ್ನಿ ಅಂದ್ಲಂತೆ. ಮೂರನೇ ಸಾಲು ಅವಳದು. ಪುಸ್ತಕದೋರಿಗೆ ನಾವು ಹೇಳಲ್ಲ, ಅವರು ಕೇಳೋದೇ ಎರಡು."

ನೀರಿನ ಲೋಟ ಎತ್ತಿಕೊಂಡೆ. ಕುಡಿಯುವ ಮುಂಚೆ ಲೋಟವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸುವುದು ನನಗೆ ಚಿಕ್ಕಂದಿನ ಅಭ್ಯಾಸ. ಮಂಜುಳ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು.

"ಅವಳೂ ಹಿಂಗೇ ಕುಡಿದ್ಲಂತೆ," ಎಂದಳು. "ಅತ್ತೆ ಮಾಡಿ ತೋರಿಸೋರು."

ವಾಪಸು ಬರುವಾಗ ಬಸ್ಸಿನಲ್ಲಿ ಪವಿತ್ರಳಿಗೆ ಎಲ್ಲವನ್ನೂ ಹೇಳಿದೆ. ನಾರಾಯಣಮ್ಮ ಎನ್ನುವವರು ಇರಲಿಲ್ಲ, ನಾನೇ ಹುಟ್ಟಿಸಿದ್ದು, ಆ ಊರಿನಲ್ಲಿ ನಾನು ಯಾವತ್ತೂ ಇಳಿದಿರಲಿಲ್ಲ. ಶಿಡ್ಲಘಟ್ಟ ಬರುವ ಹೊತ್ತಿಗೆ ಅವಳು ಮೊಬೈಲು ತೆಗೆದು ಆ ಒಂಬತ್ತು ದಿನಗಳ ಗುರುತು ನೋಡುತ್ತಿದ್ದಳು.

"ಹಂಗಾದ್ರೆ ಎರಡು ವರ್ಷ ನಾನು ಯಾರನ್ನ ಮಾತಾಡಿಸಿದ್ದು ಮೇಡಂ?" ಎಂದಳು.

ಮಾರನೆಯ ದಿನ ವೆಂಕಟರೆಡ್ಡಿಯವರ ಹತ್ತಿರವೂ ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಇದು ಈ ಕೋಣೆಯಲ್ಲೇ ಇರ್ಲಿ. ನೀವು ಸ್ವಯಂ ನಿವೃತ್ತಿ ತಗೊಳ್ಳಿ. ಆ ಹುಡುಗಿ ಆ ಅಧ್ಯಾಯ ತೆಗೆದುಬಿಡ್ಲಿ. ಗೊತ್ತಾಗದೆ ಆಗಿದ್ದು ಅಂತ ಬರೆದು ಮುಗಿಸೋಣ." ನಾನು ಒಪ್ಪಿಕೊಂಡೆ. ಇದನ್ನು ಬರೆಯುವಾಗ ನನಗೆ ಹೆಚ್ಚು ನಾಚಿಕೆಯಾಗುತ್ತಿರುವುದು ಈ ಒಪ್ಪಿಗೆಗೆ. ಮೊದಲಿನದನ್ನು ಮಾಡಿದಾಗ ಇಪ್ಪತ್ನಾಲ್ಕು ವರ್ಷದವಳು, ಹೆದರಿದ್ದೆ. ಇದನ್ನು ಮಾಡಿದಾಗ ಐವತ್ತು ದಾಟಿತ್ತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು. ಕ್ಷೇತ್ರಕಾರ್ಯದಲ್ಲಿ ನನ್ನ ಪ್ರಾಮಾಣಿಕತೆಯ ಬಗ್ಗೆ ಒಬ್ಬರು ಮಾತಾಡಿದರು. ನಾನು ಕೈಮುಗಿದೆ.

ಪವಿತ್ರ ಒಪ್ಪಲಿಲ್ಲ. "ಅಧ್ಯಾಯ ತೆಗೆದ್ರೆ ಕದ್ದಿದ್ದೇ ನಿಜ ಅಂತ ಆಗುತ್ತೆ," ಎಂದು ಬರೆದುಕೊಟ್ಟಳು. ಬೇರೆ ಮಾರ್ಗದರ್ಶಕರನ್ನು ಹುಡುಕಿಕೊಂಡು ಹೊಸ ಯೋಜನೆ ಹಾಕಿದಳು. ಒಂದು ಪ್ರಬಂಧದ ಪುಟದಿಂದ ಒಂದು ಊರಿನಲ್ಲಿ ಹಾಡುಗಾರ್ತಿ ಹೇಗೆ ಹುಟ್ಟಿದಳು ಎನ್ನುವುದೇ ಈಗ ಅವಳ ವಿಷಯ. ಮಂಜುಳ ತನ್ನ ನಿಜವಾದ ಹೆಸರು, ವಯಸ್ಸು ಹೇಳಿ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದ್ದಾಳೆ. ಹಾಡು ಕಟ್ಟಿದವರ ಲಿಖಿತ ಹೇಳಿಕೆ ಇಲ್ಲದೆ ಒಪ್ಪುವುದಿಲ್ಲ ಎಂದು ಸಮಿತಿ ಹೇಳಿತು. ಇವತ್ತಿನ ಹಾಳೆ ಅದು.

ಓದಿದೆ. ವಕ್ತೃವಿನ ಹೆಸರು, ಸರೋಜಮ್ಮ. ಉದ್ಯೋಗ, ನಿವೃತ್ತ ಅಧ್ಯಾಪಕಿ. ನಾರಾಯಣಮ್ಮ ಎಂಬ ಹೆಸರನ್ನೂ ಹಾಡಿನ ಎರಡು ಸಾಲನ್ನೂ ಕಲ್ಪಿಸಿ ಬರೆದವಳು ನಾನೇ ಎಂದು ಕೆಳಗಿತ್ತು. ಕೊನೆಯಲ್ಲಿ ಒಂದು ಪ್ರಶ್ನೆ: ವಿಭಾಗದ ಪರಿಶೀಲನೆಗೆ ಹೋದದ್ದನ್ನು ಬಿಟ್ಟು, ಅದನ್ನು ಬರೆಯುವ ಮುಂಚೆ ಅಥವಾ ಆಮೇಲೆ ಆ ಊರಿಗೆ ಹೋಗಿದ್ದಿರೇ? ಉತ್ತರಕ್ಕೆ ಅರ್ಧ ಸಾಲು ಖಾಲಿ ಬಿಟ್ಟಿದ್ದಳು.

ಒಳಗೆ ಹೋಗಿ ಟ್ರಂಕು ತೆಗೆದೆ. ಹದಿನೆಂಟನೆಯ ವಯಸ್ಸಿನಿಂದ ನಾನು ದಿನಚರಿ ಬರೆದಿದ್ದೇನೆ. ಏನು ತಿಂಡಿ, ಯಾರು ಬಂದರು, ಎಷ್ಟು ಹೊತ್ತಿಗೆ ಎಲ್ಲಿಗೆ ಹೋದೆ, ಎಲ್ಲ ಇದೆ. ಜ್ವರ ಬಂದಾಗಲೂ ಬಿಟ್ಟಿಲ್ಲ, ಅಪ್ಪ ತೀರಿಕೊಂಡ ದಿನವೂ ಬಿಟ್ಟಿಲ್ಲ. ಆ ವರ್ಷದ ಪುಸ್ತಕ ತೆಗೆದು ಪವಿತ್ರಳ ಎದುರಿಗೇ ಒಂದೊಂದೇ ಪುಟ ನೋಡಿದೆ. ಹಾಸ್ಟೆಲಿನಲ್ಲಿ ಹಾಡು ಬರೆದ ದಿನವಿತ್ತು. ಅದರ ಮಾರನೆಯ ದಿನದ ಪುಟದ ಮೇಲೆ ತಾರೀಖು ಮಾತ್ರ ಇತ್ತು. ಕೆಳಗೆ ಏನೂ ಬರೆದಿರಲಿಲ್ಲ.

ಪವಿತ್ರ ಆ ಪುಟ ನೋಡಿ, ಹಾಳೆಯನ್ನು ನನ್ನ ಕಡೆ ಸರಿಸಿದಳು. "ಇಲ್ಲ ಅಂತ ಹಾಕಿಬಿಡಿ ಮೇಡಂ. ಪ್ರಬಂಧಕ್ಕೆ ಅದೇ ಸಲೀಸು. ಇಲ್ಲಾಂದ್ರೆ ಮೌಖಿಕ ಪರೀಕ್ಷೆಯಲ್ಲಿ ನನ್ನ ಹಿಡ್ಕೊತಾರೆ."

"ಹಿಡ್ಕೊಳ್ಲಿ ಕಣಮ್ಮ. ಗೊತ್ತಿಲ್ಲದ್ದನ್ನ ಒಂದ್ಸಲ ಬರೆದಾಗಿದೆ."

ಖಾಲಿ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆದು, ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದೆ. ಅವಳು ಎರಡು ಸಲ ಓದಿ, ಮಡಿಸದೆ ಫೈಲಿನೊಳಗಿಟ್ಟುಕೊಂಡಳು. ನಮ್ಮ ಯಜಮಾನರು ಇಷ್ಟು ಹೊತ್ತೂ ಪೇಪರ್ ಓದುವವರ ಹಾಗೆ ಕೂತಿದ್ದರು. "ನಾಳೆಯಿಂದ ಫೋನ್ ಜಾಸ್ತಿ ಬರುತ್ತೆ, ನಾನೇ ಎತ್ಕೊತೀನಿ," ಎಂದು ಎಲೆ ತೊಳೆಯಲು ಎದ್ದರು.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಲ್ಯ, ಮಜ್ಜಿಗೆ. ಪವಿತ್ರ ಎರಡನೇ ಮುದ್ದೆ ಹಾಕಿಸಿಕೊಂಡಳು. ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿದೆ. ಫೈಲನ್ನು ತಲೆಯ ಪಕ್ಕದಲ್ಲಿಟ್ಟುಕೊಂಡು ಮೊದಲು ನಿದ್ದೆ ಹೋದವಳು ಅವಳೇ. ಆಮೇಲೆ ಯಜಮಾನರು.